ಒಂದರ ಪಕ್ಕ ಹದಿನಾರು

ಅಂಗಳದಲ್ಲಿ ಕಟ್ಟಿದ್ದ ಬೆಡ್‌ಶೀಟಿನ ಹಿಂದೆ ತೀರಿಕೊಂಡ ಖಾದರ್ ಬಾಷಾರ ಮೈಗೆ ಕೊನೆಯ ಸ್ನಾನದ ನೀರು ಹೊಯ್ಯುತ್ತಿದ್ದರು. ಶೇಖರಪ್ಪ ಫೋನನ್ನು ಕಿವಿಗಿಟ್ಟುಕೊಂಡೇ ಗೇಟಿನ ಬಳಿ ಚಪ್ಪಲಿ ಬಿಟ್ಟರು.

"ಇನ್ನೊಂದ್ ಸಲ ಪ್ರಿಂಟ್ ಕೊಡೋ ವಾಸು. ಒಂದನೇ ಪುಟದ ಹಿಂದೆ ಒಂಬತ್ತು ಬಂದ್ರೆ ಯಾರ್ ತಗೋತಾರೆ? ಇಡು, ಒಳಗ್ ಬಂದೆ."

ಸಂಜಯನಗರದಲ್ಲಿ ಅವರದು ಜೆರಾಕ್ಸ್, ಡಿಟಿಪಿ ಅಂಗಡಿ. ಖಾದರ್ ಬಾಷಾ ಅಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದರು, ನಾಲ್ಕು ತಿಂಗಳ ಹಿಂದಿನವರೆಗೆ. ಈಗ ಆ ಕುರ್ಚಿಯಲ್ಲಿ ಕೂತಿರುವವನು ಶೇಖರಪ್ಪನವರ ಅಕ್ಕನ ಮಗ ವಾಸು.

"ಈಗ್ ಬಂದ್ರು ನೋಡು ಸಾವ್ಕಾರ್ರು," ಎಂದ ಬೈರಣ್ಣ ಪಕ್ಕದವನಿಗೆ. ಅವನು ಹಳೆಯ ಪ್ರೆಸ್ಸಿನಲ್ಲಿ ಬಾಷಾರ ಜೊತೆ ಮಿಷನ್ ಓಡಿಸಿದವನು. "ಆಸ್ಪತ್ರೇಲಿದ್ದಾಗ ಒಂದಿನಾನೂ ಬರ್ಲಿಲ್ಲ."

"ಹೆಬ್ಬಾಳದಲ್ಲಿ ಜಾಮ್ ಇತ್ತೇನೋ ಅಣ್ಣ. ಮೂರು ವಾರ."

ಶೇಖರಪ್ಪ ಯಾರನ್ನೂ ನೋಡದೆ ಬಾಗಿಲ ಪರದೆಯ ಈಚೆ ನಿಂತರು. ಒಳಗೆ ಬದರುನ್ನೀಸಾ ಗೋಡೆಗೊರಗಿ ಕೂತಿದ್ದರು.

"ಅಮ್ಮಾ, ಈ ಹೊತ್ನಲ್ಲಿ ಕೇಳ್ಬಾರ್ದು. ಸಂಜೆಗೆ ನಾನೂರು ಪುಸ್ತಕ ಕೊಡ್ಬೇಕು. ಪುಟ ಜೋಡಿಸೋ ಆ ಹಳೇ ಆಡ್-ಆನ್ ಹೆಂಗ್ ನಡೆಸ್ತಿದ್ನೋ, ಎಲ್ಲಾದ್ರೂ ಬರೆದಿಟ್ಟಿದಾನಾ ಬಾಷಾ?"

ಮಗಳು ಲುಬ್ನಾ ದಡಕ್ಕನೆ ಎದ್ದಳು. "ಅಬ್ಬಾನ ಇನ್ನೂ ಮಣ್ಣಿಗೆ ಇಟ್ಟಿಲ್ಲ ಅಂಕಲ್."

"ನಕ್ಕೋ ಬೇಟಾ, ಬೇಡ," ಎಂದರು ಬದರುನ್ನೀಸಾ. "ಕನ್ನಡಕದ ಡಬ್ಬಿಯಲ್ಲಿದೆ. ತಗೊಂಡ್ ಬಾ."

*

ಖಾದರ್ ಬಾಷಾ ಓದಿದ್ದು ಏಳನೇ ಕ್ಲಾಸು. ಯಶವಂತಪುರದ ಪ್ರೆಸ್ಸಿನಲ್ಲಿ ಸೀಸದ ಅಕ್ಷರಗಳನ್ನು ತಿರುಗುಮುರುಗಾಗಿ ಜೋಡಿಸುತ್ತಲೇ ಕನ್ನಡ ಕಲಿತರು. ಪುಸ್ತಕದ ಲೆಕ್ಕ ತಿಳಿದದ್ದೂ ಅಲ್ಲೇ. ನಾಲ್ಕು ಹಾಳೆ ಒಂದರೊಳಗೊಂದು ಮಡಚಿದರೆ ಹದಿನಾರು ಪುಟ. ಬಿಚ್ಚಿ ನೋಡಿದರೆ ಒಂದರ ಪಕ್ಕ ಹದಿನಾರು, ಎರಡರ ಪಕ್ಕ ಹದಿನೈದು. ಯಾವ ಜೋಡಿ ಕೂಡಿಸಿದರೂ ಹದಿನೇಳು ಬರಬೇಕು.

ಪ್ರೆಸ್ಸು ಮುಚ್ಚಿತು. ಶೇಖರಪ್ಪನವರ ಅಂಗಡಿಯ ಕಂಪ್ಯೂಟರಿನಲ್ಲಿ ಈ ಲೆಕ್ಕವನ್ನು ತಾನೇ ಮಾಡಿ ಪ್ರಿಂಟ್ ಕೊಡುವ ಒಂದು ಸಣ್ಣ ಆಡ್-ಆನ್ ಇತ್ತು. ಅದನ್ನು ಮಾಡಿದವರು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಕಂಪ್ಯೂಟರಿಗೆ ಇಂಟರ್ನೆಟ್ ಸಿಕ್ಕರೆ ಸಾಕು, ಟೈಪಿಂಗ್ ಪ್ರೋಗ್ರಾಂ ತಾನಾಗಿ ಹೊಸದಾಗುತ್ತಿತ್ತು. ಹೊಸದರ ಜೊತೆ ಹಳೇ ಆಡ್-ಆನ್ ಕೂಡುತ್ತಿರಲಿಲ್ಲ, ಪುಟಗಳು ಚೆಲ್ಲಾಪಿಲ್ಲಿ. ಅದಕ್ಕೇ ಬಾಷಾ ಇಂಟರ್ನೆಟ್ಟಿನ ನೀಲಿ ಕೇಬಲ್ಲನ್ನು ಕಿತ್ತು, ತುದಿಗೆ ಟೇಪು ಸುತ್ತಿ, ಅದರ ಮೇಲೆ ಬರೆದಿದ್ದರು: ಹಾಕಬೇಡಿ.

ಒಂದು ಸೋಮವಾರ ಬಂದಾಗ ಟೇಪು ನೆಲದ ಮೇಲೆ ಬಿದ್ದಿತ್ತು. ಅವರು ಅದನ್ನು ನೋಡುವಷ್ಟರಲ್ಲಿ ಮುನ್ನೂರು ವಾರ್ಷಿಕ ವರದಿ ಅಚ್ಚಾಗಿ, ಪಿನ್ನು ಬಿದ್ದು, ಅಚ್ಚಿಗೆ ಕೊಟ್ಟಿದ್ದ ಸಂಘದವರ ಕೈ ಸೇರಿದ್ದವು. ಮಧ್ಯಾಹ್ನಕ್ಕೆ ಅಷ್ಟೂ ವಾಪಸು ಬಂದವು.

"ಯಾರೋ ಕೇಬಲ್ ಹಾಕಿದಾರೆ ಸಾರ್."

"ತಪ್ಪು ಮಾಡ್ಬಿಟ್ಟು ಕತೆ ಹೇಳ್ಬೇಡ," ಎಂದರು ಶೇಖರಪ್ಪ, ಗಿರಾಕಿಗಳೆಲ್ಲ ಕೇಳುವ ಹಾಗೆ. "ಕಣ್ಣು ಹೋಯ್ತು ನಿಂಗೆ. ಮನೇಲಿರು."

ಬಾಷಾ ಮನೆಯಲ್ಲಿದ್ದರು. ಮಗಳ ಹಳೇ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ತಡಕಾಡಿ, ಕೆಟ್ಟದ್ದನ್ನು ಸರಿ ಮಾಡುವ ದಾರಿ ಕಂಡುಕೊಂಡರು. ಅದನ್ನು ಹದಿನಾರು ಪುಟದ ಅಂಗೈಯಗಲದ ಪುಸ್ತಕದಲ್ಲಿ ಬರೆದು ಅಂಗಡಿಗೆ ಒಯ್ದರು. "ಟೀ ಕುಡ್ದು ಹೋಗು ಬಾಷಾ," ಎಂದರಂತೆ ಶೇಖರಪ್ಪ, ತಲೆ ಎತ್ತದೆ. ಬಾಷಾ ಟೀ ಕುಡಿಯದೆ, ಪುಸ್ತಕ ತೋರಿಸದೆ ಬಂದರು. ಮಸೀದಿಯ ಮುಂದಿನ ಹೋಟೆಲಿಗೂ ಆಮೇಲೆ ಹೋಗಲಿಲ್ಲ. ಅಲ್ಲಿ ಯಾರೋ ಕೇಳಿದ್ದರು: "ಏನ್ ಬಾಷಾ ಭಾಯ್, ಒಂದಾದ್ಮೇಲೆ ಎರಡಾ, ಒಂಬತ್ತಾ?"

*

ಲುಬ್ನಾ ಪುಸ್ತಕ ತಂದಳು. ಪರದೆಯ ಹಿಂದಿನಿಂದ ಬದರುನ್ನೀಸಾ ಮಾತಾಡಿದರು.

"ಶೇಖರಣ್ಣ, ಕೊಡ್ತೀನಿ. ಎತ್ತೋ ಮುಂಚೆ ನಮ್ಮ ಮೈದುನ ಇವರ ಪರವಾಗಿ ಎಲ್ಲರ ಹತ್ರ ಮಾಫಿ ಕೇಳ್ತಾರೆ. ಆಗ ನೀವೊಂದ್ ಮಾತ್ ಹೇಳ್ಬೇಕು. ಆ ಮುನ್ನೂರು ಪುಸ್ತಕ ಕೆಡಿಸಿದ್ದು ಬಾಷಾ ಅಲ್ಲ ಅಂತ. ಅಷ್ಟೇ."

"ಆಯ್ತಮ್ಮ. ಅದಕ್ಕೇನಂತೆ." ಅವರಾಗಲೇ ನಂಬರ್ ಒತ್ತಿ ಸ್ಪೀಕರ್ ಹಾಕಿದ್ದರು.

ಲುಬ್ನಾ ಅಪ್ಪನ ಅಕ್ಷರ ಓದಿದಳು. "ಮೊದಲು ನೀಲಿ ಕೇಬಲ್ ಕೀಳಬೇಕು."

"ಆ ನೀಲೀದಾ?" ಫೋನಿನಲ್ಲಿ ವಾಸು ನಕ್ಕ. "ಅವತ್ತು ಭಾನುವಾರ ಮ್ಯಾಚ್ ನೋಡಕ್ಕೆ ಟೇಪ್ ಕಿತ್ತು ನಾನೇ ಹಾಕಿದ್ದೆ ಮಾವ. ಆಗ್ಲಿಂದ ಹಂಗೇ ಇದೆ."

ಲುಬ್ನಾ ತಲೆ ಎತ್ತಿದಳು. ಶೇಖರಪ್ಪ ಸ್ಪೀಕರ್ ಆರಿಸಿ ಫೋನನ್ನು ಕಿವಿಗೊತ್ತಿಕೊಂಡರು.

"ಮುಂದಕ್ಕೆ ಹೇಳಮ್ಮ."

ಅವಳು ಅಮ್ಮನ ಕಡೆ ನೋಡಿದಳು. ಓದು ಎಂಬಂತೆ ಬದರುನ್ನೀಸಾ ಕಣ್ಸನ್ನೆ ಮಾಡಿದರು. ಹೊಸ ಪ್ರೋಗ್ರಾಂ ತೆಗೆಯುವುದು, 'ಹಳೇದು' ಎಂದು ತಾನೇ ಹೆಸರಿಟ್ಟ ಫೋಲ್ಡರಿನಿಂದ ಹಿಂದಿನದನ್ನು ಹಾಕುವುದು, ಆಮೇಲೆ ಆಡ್-ಆನ್, ಕೊನೆಗೆ ಕೂಡಿಸಿ ನೋಡುವುದು. ಲುಬ್ನಾ ಒಂದೊಂದನ್ನೂ ಓದಿದಳು. ಅರ್ಧ ಗಂಟೆಯಲ್ಲಿ ಶೇಖರಪ್ಪನವರ ಮುಖ ಬೆಳಗಿತು.

"ಹದಿನೇಳು ಬಂತಾ? ಎಲ್ಲಾದ್ರಲ್ಲೂ? ಹೊಡಿ ಹಾಗಾದ್ರೆ, ನಾನೂರೂ." ಕೈ ಚಾಚಿದರು. "ಇದು ನನ್ ಹತ್ರಾನೇ ಇರ್ಲಿ."

ಬಿಳಿ ಬಟ್ಟೆ ಸುತ್ತಿದ ದೇಹವನ್ನು ಡೋಲಿಯಲ್ಲಿಟ್ಟು ಗೇಟಿನಾಚೆ ತಂದರು. ಗಲ್ಲಿಯ ತುಂಬ ಜನ. ಬಾಷಾರ ತಮ್ಮ ಅಬ್ರಾರ್ ಗಂಟಲು ಸರಿಮಾಡಿಕೊಂಡ.

"ನಮ್ಮಣ್ಣನಿಂದ ಯಾರಿಗಾದ್ರೂ ತಪ್ಪಾಗಿದ್ರೆ, ನೋವಾಗಿದ್ರೆ, ಅಲ್ಲಾಗೋಸ್ಕರ ಮಾಫ್ ಮಾಡ್ಬಿಡಿ. ಹೇಳೋದೇನಾದ್ರೂ ಇದ್ರೆ ಈಗ್ಲೇ ಹೇಳಿ."

ಕಿಟಕಿಯ ಸರಳು ಹಿಡಿದು ಬದರುನ್ನೀಸಾ ಕಾದರು.

ಶೇಖರಪ್ಪ ಒಂದು ಹೆಜ್ಜೆ ಮುಂದೆ ಬಂದರು. ಜನರನ್ನೊಮ್ಮೆ ನೋಡಿದರು. ಆ ಗುಂಪಿನಲ್ಲಿ ಅಂಗಡಿಯ ಗಿರಾಕಿಗಳೂ ಇದ್ದರು.

"ನನ್ ಅಂಗಡೀಲಿ ಬಾಷಾ ಒಂದು ತಪ್ ಮಾಡಿದ್ದ," ಎಂದರು. "ಮುನ್ನೂರು ಪುಸ್ತಕ ಹಾಳಾಯ್ತು. ವಯಸ್ಸಾಗಿತ್ತು, ಪಾಪ. ನಾನು ಮನಸಾರೆ ಮಾಫ್ ಮಾಡಿದೀನಿ."

"ದೊಡ್ ಮನಸ್ಸು ಸಾರ್ ನಿಮ್ದು," ಎಂದರು ಯಾರೋ. ಇನ್ನೊಬ್ಬರು ಕಣ್ಣೊರೆಸಿಕೊಂಡರು. ಬೈರಣ್ಣನೂ ತಲೆಯಾಡಿಸಿದ.

"ಅಮ್ಮೀ!" ಎಂದಳು ಲುಬ್ನಾ. ಡೋಲಿ ಎತ್ತುವವರ ಕಲಿಮಾ ಪಠಣದಲ್ಲಿ ಅದು ಹೊರಗೆ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಎಡಗಡೆಯ ಹೆಗಲು ಶೇಖರಪ್ಪನವರದು. ಭಾರಕ್ಕೆ ಅವರು ಕೊಂಚ ಬಾಗಿದಾಗ ಅಂಗಿಯ ಜೇಬಿನೊಳಗಿನ ಪುಟ್ಟ ಪುಸ್ತಕ ಬಿಚ್ಚಿಕೊಂಡು ಮೇಲೆದ್ದು ಬಂತು. ಖಾದರ್ ಬಾಷಾರ ದುಂಡನೆಯ ಅಂಕಿಗಳು, ಒಂದರ ಪಕ್ಕ ಹದಿನಾರು. ಶೇಖರಪ್ಪ ಬಿಡುವಾಗಿದ್ದ ಕೈಯಿಂದ ಅದನ್ನು ಒಳಕ್ಕೆ ತಳ್ಳಿ, ಜೇಬಿನ ಗುಂಡಿ ಹಾಕಿಕೊಂಡು, ನಡೆದರು.