ಗೋಡೆ ಬಿರುಕಿನ ಅರಳಿ ಗಿಡಗಳು

ಬಾಯಿ ತಪ್ಪಿ ಒಪ್ಪಿಕೊಂಡವಳು ನಾನೇ. ಬೇರೆ ಯಾರನ್ನೂ ಬೈಯುವಂತಿಲ್ಲ. ಕೆ.ಆರ್. ಪುರದ ಆಚೆ ಒಂದು ಕೆರೆಯ ದಂಡೆಯಲ್ಲಿ ಗಿಡ ನೆಡಲು ಜೋಗುಪಾಳ್ಯದ ನಮ್ಮ ಸರ್ಕಾರಿ ಶಾಲೆಗೆ ಜಾಗ ಸಿಕ್ಕಿತ್ತು. ನನ್ನ ಐದನೇ ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ತಲೆಗೊಂದು ಗಿಡ, ಗಿಡಕ್ಕೆ ಅವರದೇ ಹೆಸರು ಎಂದು ಅವರ ಮುಂದೆ ಹೇಳಿಬಿಟ್ಟೆ. ಶನಿವಾರದೊಳಗೆ ಗಿಡ ತರದಿದ್ದರೆ ಜಾಗ ಬೇರೆ ಶಾಲೆಗೆ ಹೋಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಹೆಡ್ ಮಾಸ್ತರು ಭೀಮೇಶ್ ಐನೂರು ರೂಪಾಯಿ ಕೈಗಿತ್ತು, "ಹೆಂಗೋ ಅಡ್ಜಸ್ಟ್ ಮಾಡ್ಕೊಳ್ಳಿ ಯಮುನಾ ಮೇಡಮ್" ಎಂದರು. ಸರ್ಕಾರಿ ನರ್ಸರಿಯಲ್ಲಿ ಈ ವರ್ಷದ ಸಸಿಗಳೆಲ್ಲ ಹಂಚಿ ಮುಗಿದಿದ್ದವು. ಇಂದಿರಾನಗರದ ಖಾಸಗಿ ನರ್ಸರಿಯವನು ಮೊಣಕಾಲುದ್ದದ ಹೊಂಗೆಗೆ ನೂರಿಪ್ಪತ್ತು ಎಂದ. "ಏನಪ್ಪಾ, ಬೇರಲ್ಲಿ ಬಂಗಾರ ಕಟ್ಟಿದ್ದೀಯಾ?" ಎಂದು ಕೇಳಿ, ಸಿಟ್ಟಿಗೆ ಆಟೋನೂ ಹತ್ತದೆ ನಡೆದುಕೊಂಡೇ ಬಂದೆ.

ಹಾಗೆ ನಡೆದದ್ದೇ ಒಳ್ಳೆಯದಾಯಿತು. ಜೋಗುಪಾಳ್ಯದ ಗಲ್ಲಿಗೆ ಬಂದು ತಲೆ ಎತ್ತಿದರೆ, ಹಳೇ ಮನೆಗಳ ತಾರಸಿ ಅಂಚಿನಲ್ಲಿ, ಪೈಪಿನ ಸಂದಿಯಲ್ಲಿ, ನೀರಿನ ಟ್ಯಾಂಕಿನ ಬುಡದಲ್ಲಿ ಎಲ್ಲೆಲ್ಲೂ ಅರಳಿ ಗಿಡ. ಹಕ್ಕಿ ಹಾಕಿದ ಬೀಜ, ಯಾರೂ ನೀರು ಹಾಕಿದ್ದಲ್ಲ. ಗೋಡೆ ಬಿರುಕು ಬಿಡುತ್ತಿದ್ದರೂ ಯಾರೂ ಕಿತ್ತಿರಲಿಲ್ಲ. ಅಶ್ವತ್ಥ ಕಿತ್ತರೆ ದೋಷ ಎಂದು ಈ ಕಡೆಯವರಿಗೆ ಭಯ. ಕೆರೆ ದಂಡೆಗೆ ಅರಳಿಗಿಂತ ಒಳ್ಳೆಯ ಮರ ಬೇಕೇ?

ಮೊದಲು ಮುನಿಆಂಜನಪ್ಪನವರ ಮನೆಗೆ ಹೋದೆ. ಅಪ್ಪನ ಕಾಲದಲ್ಲಿ ಇಲ್ಲೇ ರಾಗಿ ಬೆಳೆದವರು, ಈಗ ಹನ್ನೊಂದು ಮನೆ ಬಾಡಿಗೆಗೆ ಕೊಟ್ಟಿದ್ದಾರೆ. "ತಗೊಂಡೋಗಮ್ಮ, ಪುಣ್ಯ ಬರ್ತದೆ. ಆದ್ರೆ ನಾನ್ ಮುಟ್ಟಲ್ಲ, ನೀನೇ ಕೀಳ್ಬೇಕು" ಎಂದರು. ಅಂದೇ ಗೋಡೆಗೆ ನೀರು ಹಾಕಿಸಿ, ಮಾರನೆಯ ಬೆಳಿಗ್ಗೆ ಉಳಿಯಿಂದ ಗಾರೆ ಬಿಡಿಸಿ, ಬೇರು ತುಂಡಾಗದಂತೆ ಎಳೆದು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡೆ. ಆ ಮನೆಯಲ್ಲೇ ಆರು ಸಿಕ್ಕವು.

ಮರುದಿನದಿಂದ ನನಗೆ ಫೋನೋ ಫೋನು. "ನಮ್ಮನೇಲೂ ಒಂದಿದೆ, ಬನ್ನಿ ಮೇಡಮ್." ಹಲಸೂರಿನಿಂದ ಕರೆದರು, ಕಮ್ಮನಹಳ್ಳಿಯಿಂದಲೂ ಕರೆದರು. ಹೋದಲ್ಲೆಲ್ಲ ಕಾಫಿ, ಎಲೆ ಅಡಿಕೆ, ಒಂದು ಮನೆಯಲ್ಲಂತೂ ರವಿಕೆ ಕಣ. ನಾನು ಉಬ್ಬಿಹೋದೆ. ಊರಿಗೇ ಗಿಡದ ಹುಚ್ಚು ಹಿಡಿಸಿಬಿಟ್ಟೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಬೇರೆ ಕೊಚ್ಚಿಕೊಂಡೆ. ಶುಕ್ರವಾರ ಮಧ್ಯಾಹ್ನಕ್ಕೆ ಮೂವತ್ತೊಂದಾಯಿತು.

ಕೊನೆಯದು ದೊಡ್ಡಮುನಿಯಮ್ಮನ ಮನೆಯಲ್ಲಿತ್ತು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ. ಬಚ್ಚಲುಮನೆಯ ಹಿಂದಿನ ಗೋಡೆಯಲ್ಲಿ ಸೊಂಟದೆತ್ತರದ ಗಿಡ. ನಾನು ಸೆರಗು ಸಿಕ್ಕಿಸಿ ಉಳಿ ಹಿಡಿದಾಗ ಆಕೆ ದೂರ ನಿಂತು ಹೇಳಿದಳು: "ಧೈರ್ಯವಾಗಿ ಕೀಳಮ್ಮ. ನಿಂಗೇನು, ಮಕ್ಳಾ ಮರಿಯಾ? ನಿಂಗೇನೂ ತಗಲಲ್ಲ."

"ಏನಂದ್ರಿ?"

"ಅದ್ಕೇ ಅಲ್ವಾ ಎಲ್ರೂ ನಿನ್ನೇ ಕರೆಯೋದು. ಅರಳಿ ಕಿತ್ರೆ ಕಿತ್ತೋರ ಮಕ್ಳಿಗೆ ಕೇಡು. ಮುನಿಆಂಜನಪ್ಪನೇ ಹೇಳ್ದ, ಆ ಟೀಚರಮ್ಮಂಗೆ ಮಕ್ಕಳಿಲ್ಲ, ಕರ್ಸ್ಕೊಳ್ಳಿ ಅಂತ."

ಮದುವೆಯಾಗಿ ಹತ್ತೊಂಬತ್ತು ವರ್ಷ. ಎಷ್ಟು ಆಸ್ಪತ್ರೆ, ಎಷ್ಟು ಹರಕೆ, ಈ ಅರಳಿಗೇ ಎಷ್ಟು ಪ್ರದಕ್ಷಿಣೆ ಹಾಕಿಲ್ಲ ನಾನು! ಆ ಕಾಫಿ, ಆ ರವಿಕೆ ಕಣ ಎಲ್ಲ ಇದಕ್ಕೇನಾ? ಥೂ, ಇವರ ಮನೆ ಹಾಳಾಗ, ಗೋಡೆ ಬಿದ್ದೇ ಹೋಗಲಿ ಅನ್ನಿಸಿತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಮೂಢನಂಬಿಕೆ! ಯಾರಿಗೂ ಏನೂ ಆಗಲ್ಲ, ನೋಡ್ತಾ ಇರಿ" ಎಂದು ಉಳಿ ಏಟು ಹಾಕಿದೆ. ಗಾರೆ ಉದುರಿತು. ಕಾಂಡಕ್ಕೆ ಎರಡೂ ಕೈ ಹಾಕಿದೆ.

ಹಾಕಿದ್ದಷ್ಟೇ. ಇದ್ದಕ್ಕಿದ್ದಂತೆ ಹಾಜರಿ ಪುಸ್ತಕದ ಹೆಸರುಗಳು ಸಾಲಾಗಿ ತಲೆಯೊಳಗೆ ಬಂದವು. ಅಲಿಯಾ. ಜಗನ್. ಪ್ರಿಯದರ್ಶಿನಿ. ಯಾದಗಿರಿ ಕಡೆಯಿಂದ ಬಂದು ಬೈಯಪ್ಪನಹಳ್ಳಿಯ ಒಂದೇ ಕೋಣೆಯಲ್ಲಿ ಐದು ಜನರೊಡನೆ ಮಲಗುವ ಶರಣಬಸವ. ಈಗಾಗಲೇ ಮೂವತ್ತೊಂದು ಕಿತ್ತಿದ್ದೇನಲ್ಲ! ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಆದರೂ ಕೈ ಎಳೆಯಲೊಲ್ಲದು.

"ಯಾಕಮ್ಮ ನಿಂತ್ಬಿಟ್ಟೆ?"

"ಆಗ್ತಿಲ್ಲ ಅಜ್ಜಿ. ನನ್ನ ಕ್ಲಾಸಿನ ಮಕ್ಳು ನೆನಪಾದ್ರು. ಭಯ ಆಗ್ತಿದೆ" ಎಂದೆ. ನಾಚಿಕೆಯಾಯಿತು, ಆದರೆ ನಿಜವನ್ನೇ ಹೇಳಿದೆ.

ದೊಡ್ಡಮುನಿಯಮ್ಮ ಕೊಡದ ನೀರಲ್ಲಿ ಕೈ ತೊಳೆದುಕೊಂಡು, ಸೀರೆ ಎತ್ತಿ ಕಟ್ಟಿ, ನನ್ನ ಪಕ್ಕಕ್ಕೆ ಬಂದು ನಿಂತಳು.

"ಎಷ್ಟ್ ಜನ ನಿಂಗೆ?" ಎಂದು ಕೇಳಿದಳು.

"ಮೂವತ್ತೆರಡು" ಎಂದೆ.

"ನಂಗೆ ಮಕ್ಳು ಮೊಮ್ಮಕ್ಳು ಸೇರಿ ಹದಿನಾಲ್ಕು." ಆಕೆ ತನ್ನ ಎರಡೂ ಕೈಯನ್ನು ನನ್ನ ಕೈಗಳ ಮೇಲಿಟ್ಟು ಕಾಂಡವನ್ನು ಬಿಗಿಯಾಗಿ ಹಿಡಿದಳು. "ಬಂದಿದ್ದು ಇಬ್ರಿಗೂ ಬರ್ಲಿ. ಎಳಿ."