ಕುಲುಮೆ ಆರದಿರಲೆಂದು

ಅವಳು ಗಂಡನಿಗೆ ಒಂದೇ ಒಂದು ವಾಕ್ಯ ಕಲಿಸಿದ್ದಳು. ಜೈಲಿನ ಭೇಟಿಯ ಕಿಟಕಿಯಲ್ಲಿ ನಿಂತು, ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ, ಮತ್ತೆ ಮತ್ತೆ: ‘ಇನ್ನು ಮುಂದೆ ಕೋರ್ಟಿನ ಆದೇಶ ಮೀರುವುದಿಲ್ಲ.’ ಇಷ್ಟು ಹೇಳಿದರೆ ಶಿಕ್ಷೆ ಮುಗಿಯುವ ಮೊದಲೇ ಬಿಡಬಹುದು ಎಂದು ವಕೀಲರು ಹೇಳಿದ್ದರು. ಆದರೆ ಗಂಡನ ಬಾಯಿ ಅವಳಿಗೆ ಗೊತ್ತಿತ್ತು. ಸುಳ್ಳಿಗೆ ಹೊರಟರೆ ತಡವರಿಸುವ ಬಾಯಿ ಅದು.

ಗಾಜಿನ ಕಾರ್ಖಾನೆಯಲ್ಲಿ ಸಂಬಳಕ್ಕಾಗಿ ಮುಷ್ಕರ ನಡೆಯುತ್ತಿತ್ತು. ಮುಗಿಯುವ ತನಕ ಕೆಲಸಗಾರರು ಗೇಟಿನೊಳಗೆ ಕಾಲಿಡಕೂಡದೆಂದು ಕೋರ್ಟು ಆದೇಶಿಸಿತ್ತು. ಒಂದು ಮಧ್ಯಾಹ್ನ, ಗೇಟಿನೆದುರು ಧರಣಿ ಕೂತಿದ್ದ ಗಂಡ ಚಿಮಣಿಯ ಹೊಗೆ ತೆಳ್ಳಗಾಗುವುದನ್ನು ಕಂಡ. ಗಾಜಿನ ಕುಲುಮೆ ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಆರಿದರೆ ಒಳಗೆ ಕರಗಿದ ಗಾಜು ಕಲ್ಲಾಗಿ ಕುಲುಮೆಯನ್ನೇ ಸೀಳುತ್ತದೆ. ಅವನೂ ಜೊತೆಗಾರ ಮೌನಿಯೂ (ಬಾಯಿ ಮುಚ್ಚುವುದೇ ಇಲ್ಲವೆಂದು ಆ ಹೆಸರು) ಗೋಡೆ ಹಾರಿದರು. ಕಟ್ಟಿಕೊಂಡಿದ್ದ ಎಣ್ಣೆಯ ಕೊಳವೆ ಬಿಡಿಸಿ, ಉರಿ ಎಬ್ಬಿಸಿ ಹೊರಬರುವಷ್ಟರಲ್ಲಿ ಕಾರ್ಖಾನೆಯ ಯಜಮಾನಿ ಕರೆಸಿದ್ದ ಪೊಲೀಸರು ಕಾದಿದ್ದರು. ಕುಲುಮೆ ನೋಡಿಕೊಳ್ಳುತ್ತಿದ್ದ ಬದಲಿ ಆಳು, ಉರಿ ಕುಗ್ಗಿಯೇ ಇರಲಿಲ್ಲ ಎಂದು ಆಣೆ ಮಾಡಿದ. ಇಬ್ಬರಿಗೂ ಆರು ತಿಂಗಳ ಶಿಕ್ಷೆಯಾಯಿತು.

ಈಗ ಆ ಆಳು, ತಾನು ಆಗ ಗೊರಕೆ ಹೊಡೆಯುತ್ತಿದ್ದೆನೆಂದು ಒಪ್ಪಿಕೊಂಡಿದ್ದ. ದೂರು ಕೊಟ್ಟಿದ್ದ ಯಜಮಾನಿಯೇ ಬಿಡುಗಡೆಗೆ ಅರ್ಜಿ ಹಾಕಿದ್ದರು.

ಅರ್ಜಿಯ ವಿಚಾರಣೆಯ ದಿನ ನ್ಯಾಯಾಧೀಶರು ಕನ್ನಡಕದ ಮೇಲಿಂದ ಗಂಡನನ್ನು ನೋಡಿದರು. “ಮತ್ತೆ ಕುಲುಮೆ ಆರೋ ಹಾಗಾದ್ರೆ ಏನ್ ಮಾಡ್ತೀಯಪ್ಪ?”

ಇದು ಕಲಿಸದ ಪ್ರಶ್ನೆ.

ಗಂಡ ಒಮ್ಮೆ ಅವಳತ್ತ ನೋಡಿದ. “ಹೋಗ್ತೀನಿ ಸ್ವಾಮಿ. ಕೋರ್ಟಿಗೆ ಅವಮಾನ ಮಾಡ್ಬೇಕು ಅಂತಲ್ಲ. ಕಾಲು ನಿಲ್ಲಲ್ಲ.”

“ನಾನಾದ್ರೆ ಮೊದಲು ನಿಮ್ಮನ್ನ ಕೇಳ್ತೀನಿ ಸ್ವಾಮಿ,” ಎಂದ ಮೌನಿ. “ಆಮೇಲೆ ಹಾರ್ತೀನಿ.”

“ನಿನ್ನನ್ನ ಯಾರಯ್ಯ ಕೇಳಿದ್ದು?”

ಹಿಂದಿನ ಸಾಲಿನವರು ಕಿಸಕ್ಕೆಂದರು. ಅವಳಿಗೆ ನಗು ಬರಲಿಲ್ಲ. ಆಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು.

ಅಷ್ಟರಲ್ಲಿ ಯಜಮಾನಿ ಎದ್ದು ನಿಂತರು. “ಅಂಥಾ ಹೊತ್ತಲ್ಲಿ ಗೇಟು ನಾನೇ ತೆಗೆಸ್ತೀನಿ ಸ್ವಾಮಿ. ಗೋಡೆ ಹಾರೋ ಪ್ರಮೇಯ ಬರಲ್ಲ. ಆದೇಶದಲ್ಲಿ ಅಷ್ಟು ಸೇರಿಸಿಬಿಡಿ.”

ನ್ಯಾಯಾಧೀಶರು ಪೆನ್ನು ಕೆನ್ನೆಗೆ ಒತ್ತಿ ಯೋಚಿಸಿದರು. ಆಮೇಲೆ ಬರೆಸಿದರು: ಕುಲುಮೆಗೆ ಅಪಾಯವಾಗಿ ಯಜಮಾನಿ ಕರೆದರೆ ಒಳಗೆ ಹೋಗಬಹುದು. ಉಳಿದಂತೆ ಆದೇಶ ಹಾಗೇ ಇರುತ್ತದೆ. ಇಬ್ಬರನ್ನೂ ಇಂದೇ ಬಿಡತಕ್ಕದ್ದು.

ಹೊರಗಿನ ವರಾಂಡದಲ್ಲಿ ಅವಳು ಯಜಮಾನಿಯ ಎರಡೂ ಕೈ ಹಿಡಿದುಕೊಂಡಳು. ಈಕೆಗೆ ಮನಸ್ಸಿನಲ್ಲೇ ಹಾಕಿದ್ದ ಶಾಪಗಳೆಲ್ಲ ನೆನಪಾಗಿ ಮುಖ ಬಿಸಿಯಾಯಿತು. “ನಿಮ್ಮ ಉಪಕಾರ ಮರೆಯಲ್ಲ ಅಮ್ಮಾ.”

“ಉಪಕಾರ ಅವರಿಬ್ಬರು ಮಾಡಿದ್ದು. ಹಾಗಂತ ಸಂಬಳ ಏರಿಸ್ತೀನಿ ಅಂದ್ಕೋಬೇಡ. ನಾಳೆ ಅದರ ಜಗಳ ಇದ್ದೇ ಇದೆ.”

“ಇರಲಿ ಅಮ್ಮಾ. ನಾಳೆ ಜಗಳಕ್ಕೆ ನಾನೂ ಬರ್ತೀನಿ.”

ಯಜಮಾನಿ ನಕ್ಕುಬಿಟ್ಟರು. ಅವಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಸಂಜೆ ಜೈಲಿನ ದೊಡ್ಡ ಬಾಗಿಲಿನ ಕಿರುಬಾಗಿಲು ತೆರೆದು ಗಂಡ ತಲೆ ಬಗ್ಗಿಸಿ ಹೊರಬಂದ. ಅವಳು ಅವನ ಬಟ್ಟೆಗಂಟು ಕೈಗೆ ತೆಗೆದುಕೊಂಡಳು. ಅವನಿಗೆ ಹೇಳಲಾಗದ್ದನ್ನು, ಬೀಗ ಹಾಕುತ್ತಿದ್ದ ಪೇದೆಯ ಕಡೆ ತಿರುಗಿ ಹೇಳಿದಳು: “ತುಂಬಾ ಥ್ಯಾಂಕ್ಸ್ ಅಣ್ಣಾ.”

ಪೇದೆ ಕಕ್ಕಾಬಿಕ್ಕಿಯಾದ. “ನನಗ್ಯಾಕಮ್ಮ?”

“ಬಾಗಿಲು ತೆಗೆದ್ರಲ್ಲ.”