ಅಡುಗೆಮನೆ ಒಂದು ಬಿಟ್ಟು

"ಏಯ್, ಕೈ ತೆಗಿಯೇ! ಬಾಗಿಲು ಹಿಡ್ಕೊಂಡು ನಿಂತು ಮಾತಾಡ್ತಾಳೆ ನೋಡು, ಮುಂಡೇದು!"

ಸರಸ್ವತಿ ಅಡುಗೆಮನೆಯ ಚೌಕಟ್ಟಿನಿಂದ ಕೈ ತೆಗೆದಳು. ಇನ್ನೊಂದು ಕೈಯಲ್ಲಿ ಎಂಜಲೆಲೆಯ ಬುಟ್ಟಿ ಇತ್ತು. ಸಮುದಾಯ ಭವನದಲ್ಲಿ ಯಾರದೋ ಸೀಮಂತದ ಊಟ ಮುಗಿದು ಹಿತ್ತಲಲ್ಲಿ ಎಲೆಗಳ ರಾಶಿ ಬಿದ್ದಿತ್ತು. ನಾಯಿಗಳನ್ನು ಗದರಿಸುತ್ತ ಅವಳು ಅದನ್ನೇ ಬಾಚುತ್ತಿದ್ದಳು. ಷಡಕ್ಷರಪ್ಪ ಕಂಡನೆಂದು ಬಾಗಿಲ ತನಕ ಬಂದಿದ್ದಳು.

"ತಪ್ಪಾಯ್ತು ಯಜಮಾನ್ರೇ. ಮಗಳ ಮದುವೆ ವಿಷಯ ಹೇಳಿದ್ನಲ್ಲ..."

"ನಾನೂ ಹೇಳಿದ್ನಲ್ಲ. ಹಾಲ್ ತಗೋ. ಮೇಲೆ ಕೂತ್ಕೊಳ್ಳಿ, ಫ್ಯಾನ್ ಹಾಕ್ಕೊಳ್ಳಿ, ಬೇಡ ಅಂದೋರು ಯಾರು? ಅಡುಗೆಮನೆ ಮಾತ್ರ ಕೇಳ್ಬೇಡ. ದೇವಸ್ಥಾನದ ಹಂಡೆ, ಕೊಳಗ ಎಲ್ಲಾ ಇಲ್ಲೇ ಇದಾವೆ. ನಾಳೆ ಪ್ರಸಾದ ಯಾರು ಮುಟ್ತಾರೆ?"

"ನಮ್ಮ ಪಾತ್ರೆ ನಾವೇ ತರ್ತೀವಿ."

"ಭದ್ರಾವತಿ ಹೋಟ್ಲಿಗೆ ಹೇಳು ಮಾರಾಯ್ತಿ. ಊಟ ಗಾಡೀಲಿ ಬಂದು ಬೀಳುತ್ತೆ."

ಹೋಟೆಲಿನ ಊಟ ನಡೆಯುವುದಿಲ್ಲವೆಂದು ಅವನಿಗೆ ಹೇಗೆ ಹೇಳುವುದು? ಅವಳ ಕೇರಿಯಲ್ಲಿ ತಾಳಿಗಿಂತ ಅನ್ನ ದೊಡ್ಡದು. ಹೆಣ್ಣಿನ ತಾಯಿ ಕೈಯಾರೆ ಬೇಯಿಸಿದ ಅನ್ನವನ್ನು ಮದುವೆ ನಡೆದ ಜಾಗದಲ್ಲೇ ಗಂಡಿನ ಅಪ್ಪನ ಎಲೆಗೆ ಬಡಿಸಬೇಕು. ಆತ ಮೊದಲ ತುತ್ತು ಉಂಡಮೇಲೆಯೇ ಹುಡುಗಿ ಆ ಮನೆಯವಳು. ಹೊಳಲೂರಿನ ಬೀಗ ಹಾಲೇಶಪ್ಪ ಇಂಥದ್ದನ್ನೆಲ್ಲ ಬಿಡುವವನಲ್ಲ. ಕೇರಿಯಲ್ಲೇ ಮಾಡೋಣವೆಂದರೆ ಅವಳದು ಒಂದೇ ಕೋಣೆ, ಬಾಗಿಲೆದುರಿಗೆ ತೆರೆದ ಚರಂಡಿ. ಈ ಭವನ ಕಟ್ಟುವಾಗ ಅವಳ ಗಂಡ ಇಟ್ಟಿಗೆ ಹೊತ್ತಿದ್ದ. ಮಗಳು ತನುಜಾ ಆಗ ಮರಳಿನ ಗುಡ್ಡೆಯ ಮೇಲೆ ಆಡಿಕೊಂಡಿರುತ್ತಿದ್ದಳು.

"ಭಾನುವಾರ ಸಭೆ ಇದೆ," ಎಂದ ಷಡಕ್ಷರಪ್ಪ, ಎಲೆಅಡಿಕೆ ಉಗಿದು. ಹೊಸಗಟ್ಟೆಯ ಪುರಜನ ಸಂಘಕ್ಕೆ ಅವನೇ ಅಧ್ಯಕ್ಷ. ಭವನ ಸಂಘದ್ದು. ಸರಸ್ವತಿಯ ಸಂಬಳವೂ ಸಂಘದ್ದೇ. "ಮೇಷ್ಟ್ರು ಅದೇನೋ ನಿರ್ಣಯ ತಂದಿದಾರಂತೆ. ಊರು ಏನು ಹೇಳುತ್ತೋ ಹಂಗೆ. ಈಗ ಆ ಎಲೆ ಎತ್ತು, ವಾಸನೆ ಬರ್ತಿದೆ."

ಭಾನುವಾರ ಕುರ್ಚಿಗಳನ್ನು ಸಾಲಾಗಿ ಇಟ್ಟವಳೂ ಅವಳೇ. ಇಟ್ಟಮೇಲೆ ಹಿಂದಿನ ಗೋಡೆಗೆ ಒರಗಿ ನಿಂತಳು. ಪಕ್ಕದಲ್ಲಿ ಮೈದುನ ವಸಂತ್ ನಿಂತಿದ್ದ. ಸಂಘದ ಪಾರ್ಕಿಗೆ ನೀರು ಬಿಡುವ ಕೆಲಸ ಅವನದು.

ಹರಿಪ್ರಸಾದ್ ಮೇಷ್ಟ್ರು ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಹೇಳುವವರು. ಅಲ್ಲಿನ ರವೀಂದ್ರನಗರದ ಮನೆ ಬಿಟ್ಟು ಇಲ್ಲಿ ತೋಟದ ನಡುವೆ ಮನೆ ಕಟ್ಟಿಸಿಕೊಂಡಿದ್ದರು. ಎದ್ದು ನಿಂತು ಓದಿದರು: "ಹೊಸಗಟ್ಟೆಯು ಎಲ್ಲರನ್ನೂ ಒಳಗೊಳ್ಳುವ ಊರು. ಜಾತಿ, ಧರ್ಮ, ಲಿಂಗಗಳ ಭೇದವಿಲ್ಲದೆ ಊರಿನ ಕೆರೆ, ಉದ್ಯಾನ, ಗ್ರಂಥಾಲಯ, ಸಮುದಾಯ ಭವನ ಹಾಗೂ ಅದರ ಅಡುಗೆಮನೆ ಎಲ್ಲರಿಗೂ ಸಮಾನವಾಗಿ ತೆರೆದಿರತಕ್ಕದ್ದು."

"ಬಸವಣ್ಣನೋರು ಇದನ್ನ ಯಾವ ಕಾಲದಲ್ಲೋ ಹೇಳಿಯಾಯ್ತಲ್ಲ ಮೇಷ್ಟ್ರೇ," ಎಂದ ಷಡಕ್ಷರಪ್ಪ. "ಹೊಸದಾಗಿ ನಮಗೆ ಕಲಿಸೋದೇನಿದೆ?"

"ಕಲಿಸೋದಲ್ಲ, ಬರೆದಿಡೋದು ಅಷ್ಟೆ."

ಷಡಕ್ಷರಪ್ಪನ ಹೆಂಡತಿ ಬಸವರಾಜೇಶ್ವರಿ ಮಹಿಳೆಯರ ಸಾಲಿನಿಂದ ತಿರುಗಿದಳು. "ನಮ್ಮೂರಲ್ಲಿ ಭೇದ ಎಲ್ಲಿದೆ ಹೇಳಿ? ಸರಸ್ವತೀನ ಕೇಳಿ ನೋಡಿ. ನಮ್ಮನೆ ಮಗಳಿದ್ದಂಗೆ ಅವಳು. ಹಬ್ಬ ಹಬ್ಬಕ್ಕೂ ನನ್ನ ಸೀರೆ ಕೊಡ್ತೀನಿ. ಹೌದೇನೇ?"

ಎಲ್ಲರೂ ಹಿಂದಕ್ಕೆ ನೋಡಿದರು. ಸರಸ್ವತಿ ಸೆರಗು ಎಳೆದುಕೊಂಡಳು.

"ಹೌದ್ರವ್ವ, ಕೊಡ್ತೀರಿ. ಇವತ್ತು ಸೀರೆ ಬೇಡ. ಕೆರೆ, ಲೈಬ್ರೆರಿ ಅವೂ ಬೇಡ. ಒಂದಿನ ಒಲೆ ಕೊಡಿ. ಉಂಡು ಆದ್ಮೇಲೆ ಮೂಲೆ ಮೂಲೆ ತೊಳ್ದು ಕೊಡ್ತೀನಿ."

"ತೊಳೆದ್ರೆ ಹೋಗುತ್ತೇನಪ್ಪ ಅದು?" ಎಂದ ಔಷಧಿ ಅಂಗಡಿಯ ರುದ್ರೇಶ್, ಪಕ್ಕದವನಿಗೆ ಹೇಳುವಂತೆ. ಸಭೆ ನಕ್ಕಿತು. ನಗಬಾರದೆಂದುಕೊಂಡವರೂ ಕೆಮ್ಮಿದರು.

"ನೋಡಿ ಮೇಷ್ಟ್ರೇ," ಎಂದ ಷಡಕ್ಷರಪ್ಪ. "ಅಡುಗೆಮನೆ ಅಂತ ಇದ್ರೆ ಅರ್ಧ ಊರು ಕೈ ಎತ್ತಲ್ಲ. ಅದೊಂದು ತೆಗೀರಿ. ಈಗಲೇ ಎಲ್ರೂ ಎತ್ತುತ್ತಾರೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಜೇಬಿನಿಂದ ಪೆನ್ನು ತೆಗೆದು ಕಾಗದದ ಮೇಲೆ ಒಂದು ಗೆರೆ ಎಳೆದರು.

ಎಲ್ಲ ಕೈಗಳೂ ಮೇಲೆದ್ದವು. ಚಪ್ಪಾಳೆ ಬಿತ್ತು. ಫೋಟೋ ತೆಗೆಯುವವನು "ಆಯಮ್ಮನ್ನ ಮಧ್ಯಕ್ಕೆ ಕರೀರಿ" ಎಂದ. ಬಸವರಾಜೇಶ್ವರಿ ಒಂದು ಗೇಣು ಸರಿದು ಜಾಗ ಕೊಟ್ಟಳು. ಸರಸ್ವತಿ ಅವಳದೇ ಹಳೆ ಸೀರೆಯಲ್ಲಿ ಅವಳ ಪಕ್ಕ ನಿಂತು ಕ್ಯಾಮೆರಾ ನೋಡಿದಳು.

ಎಲ್ಲರೂ ಹೋದಮೇಲೆ ಮೇಷ್ಟ್ರು ಬೈಕಿನ ಹತ್ತಿರ ನಿಂತಿದ್ದರು. "ಬೇಜಾರಾಗ್ಬೇಡಿ ಸರಸ್ವತಮ್ಮ. ಇಷ್ಟಾದ್ರೂ ಆಯ್ತಲ್ಲ. ನಿಧಾನಕ್ಕೆ ಅದೂ ಆಗುತ್ತೆ."

"ಮದುವೆ ಗುರುವಾರ ಮೇಷ್ಟ್ರೇ," ಎಂದಳು ಸರಸ್ವತಿ. ಕುರ್ಚಿಗಳನ್ನು ಮಡಚಲು ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಅವಳು ಭವನದ ಗೇಟಿನೆದುರು ರಸ್ತೆಯ ಅಂಚಿನಲ್ಲಿ ಮೂರು ಕಲ್ಲು ಹೂಡಿದಳು. ಕೇರಿಯ ಹೆಂಗಸರು ಸೌದೆ ತಂದರು. ಸಾರಿನ ಪಾತ್ರೆ ಇಳಿಸಿ ಅನ್ನಕ್ಕೆ ಎಸರಿಟ್ಟಳು. ಎಸರು ಮರಳಿ ಅಕ್ಕಿ ಹಾಕುವ ಹೊತ್ತಿಗೆ ಮೇಲೆ ಗಟ್ಟಿಮೇಳ ಕೇಳಿತು.

"ಹೋಗಿ ಅಕ್ಕಿಕಾಳು ಹಾಕಿ ಬಾರೇ, ನಾನು ನೋಡ್ಕೊಳ್ತೀನಿ," ಎಂದಳು ಪಕ್ಕದ ಮನೆಯ ಶರಾವತಿ.

"ಕದಡದಿದ್ರೆ ತಳ ಹಿಡಿಯುತ್ತೆ. ನಾನೇ ನೋಡ್ಬೇಕು."

ಅಲ್ಲಿಂದಲೇ, ಸೌಟು ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡಳು. ಮಗಳಿಗೆ ತಾಳಿ ಬಿದ್ದದ್ದು ಅವಳಿಗೆ ವಾಲಗದ ಸದ್ದಿನಲ್ಲೇ ತಿಳಿಯಿತು.

ಹೊಗೆ ಎದ್ದು ಎದುರು ಮನೆಗಳ ಕಡೆ ಹೊರಳಿತು. ಒಂದೊಂದೇ ಕಿಟಕಿ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಷಡಕ್ಷರಪ್ಪನ ಸ್ಕೂಟರ್ ಬಂತು.

"ಏನೇ ಇದು, ಹಾದರಗಿತ್ತಿ? ಮರ್ಯಾದೆ ಕೊಟ್ಟು ಹಾಲ್ ಕೊಟ್ರೆ ಊರ ಮುಂದೆ ಒಲೆ ಹೂಡಿ ನನ್ನ ಮಾನ ಕಳೀತಿಯಾ? ರಸ್ತೆ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದಲ್ಲ ಯಜಮಾನ್ರೇ. ದಿನಾ ಗುಡಿಸೋಳು ನಾನು. ಉಂಡು ಆದ್ಮೇಲೆ ಇವತ್ತೂ ಗುಡಿಸ್ತೀನಿ."

"ಬಾಯಿ ಬೇರೆ! ಲೇ ವಸಂತ! ಎಲ್ಲಿ ಸತ್ನೋ ಬೋಳಿಮಗ? ಪೈಪ್ ಎಳ್ಕೊಂಡು ಬಾರೋ!"

ವಸಂತ್ ಮದುವೆಯ ಹೊಸ ಪಂಚೆಯಲ್ಲಿ ಮೆಟ್ಟಿಲಿಳಿದು ಬಂದ. ಹಣೆಯಲ್ಲಿ ಧಾರೆಯ ಕುಂಕುಮ ಹಸಿಯಾಗಿತ್ತು. ತೀರಿಹೋದ ಅಣ್ಣನ ಜಾಗದಲ್ಲಿ ಕೂತು ತನುಜಾಳ ಕೈಯನ್ನು ಗಂಡಿನ ಕೈಗೆ ಕೊಟ್ಟವನು ಅವನೇ.

"ಯಜಮಾನ್ರೇ, ಇನ್ನೊಂದು ಚೂರು ಹೊತ್ತು. ಬೆಂದೇ ಹೋಗುತ್ತೆ."

"ನೀರು ಹಾಕ್ತೀಯೋ, ನಾಳೆಯಿಂದ ಮನೇಲಿರ್ತೀಯೋ? ಎರಡರಲ್ಲಿ ಒಂದು ಹೇಳು."

ಪಾರ್ಕಿನ ನಲ್ಲಿಯಿಂದ ಪೈಪು ಬಂತು. ವಸಂತ್ ಅದರ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತ. ಬೆರಳ ಸಂದಿಯಿಂದ ನೀರು ಚಿಮ್ಮಿ ಅವನ ಪಂಚೆ ನೆನೆಯುತ್ತಿತ್ತು.

"ಅತ್ತಿಗೇ..."

ಸರಸ್ವತಿ ಪಾತ್ರೆಯ ಮೇಲೆ ಮುಚ್ಚಳ ಸರಿಯಾಗಿ ಮುಚ್ಚಿದಳು. ಒಲೆಯ ಮುಂದಿನಿಂದ ಎದ್ದು ಒಂದು ಪಕ್ಕಕ್ಕೆ ಸರಿದಳು.

"ಹಾಕೋ. ನಿಂಗೂ ಮಕ್ಕಳಿದಾವೆ."

ವಸಂತ್ ಮುಖ ಆ ಕಡೆ ತಿರುಗಿಸಿಕೊಂಡು ಬೆರಳು ಬಿಟ್ಟ. ಒಲೆ ಬುಸ್ಸೆಂದಿತು. ಬೂದಿ ಮೇಲೆದ್ದು ಹೆಂಗಸರ ಸೀರೆಯ ಮೇಲೆಲ್ಲ ಕೂತಿತು. ಕರಿನೀರು ಕಲ್ಲುಗಳ ನಡುವಿನಿಂದ ಹರಿಯತೊಡಗಿತು. ಷಡಕ್ಷರಪ್ಪ ಸ್ಕೂಟರ್ ತಿರುಗಿಸಿಕೊಂಡು ಹೋದ.

ಗಲಾಟೆ ಕೇಳಿ ಗಂಡಿನವರು ಕೆಳಗಿಳಿದು ಬಂದಿದ್ದರು. ಹಾಲೇಶಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತ. ಅವನ ತಮ್ಮ "ಹೋಟ್ಲಿಗೆ ಫೋನ್ ಮಾಡಣ ಬಿಡಣ್ಣ, ಏನೀಗ" ಎಂದ.

ಸರಸ್ವತಿ ಮುಚ್ಚಳ ತೆಗೆದು ಒಂದು ಅಗುಳನ್ನು ಬೆರಳ ನಡುವೆ ಹಿಸುಕಿದಳು. ಒಳಗೆ ಬಿಳಿ ಕಾಳು ಗಟ್ಟಿಯಾಗಿ ಉಳಿದಿತ್ತು. ರಸ್ತೆಯ ಮೇಲೆ ಒಣಗಿದ್ದ ಕಡೆ ಎಲೆ ಹಾಸಿ, ನೀರು ಚಿಮುಕಿಸಿ ಒರೆಸಿ, ಅನ್ನ ಬಡಿಸಿದಳು.

"ಬನ್ನಿ ಬೀಗ್ರೇ, ಕೂತ್ಕೊಳ್ಳಿ."

"ಅರೆಬೆಂದನ್ನ ಹೆಂಗವ್ವ ಉಣ್ಣೋದು?" ಹಾಲೇಶಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. "ಅದೂ ಹಿಂಗೆ, ಬೀದೀಲಿ?"

"ಅದಕ್ಕಿಂತ ಬೇಯ್ಸೋಕೆ ನಂಗೆ ಬಿಡ್ಲಿಲ್ಲ ಬೀಗ್ರೇ."

ಅವನು ಕದಲಲಿಲ್ಲ. ಮದುಮಗ ಅಪ್ಪನ ಮುಖ ನೋಡಿದ.

ಆಗ ತನುಜಾ ಮೆಟ್ಟಿಲಿಳಿದು ಬಂದಳು. ಬಾಸಿಂಗ ಒಂದು ಕಡೆಗೆ ವಾಲಿತ್ತು. ಯಾರನ್ನೂ ಕೇಳದೆ ಇನ್ನೊಂದು ಎಲೆ ತೆಗೆದು ಮಾವನ ಎಲೆಯ ಪಕ್ಕ ಹಾಕಿಕೊಂಡು, ಧಾರೆ ಸೀರೆಯಲ್ಲೇ ನೆಲಕ್ಕೆ ಕೂತಳು.

"ನಂಗೆ ಬಡಿಸಮ್ಮ."

ಸರಸ್ವತಿ ಅನ್ನದ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ಸೌಟು ಹಾಕಿದಳು. ತನುಜಾ ತುತ್ತು ಮಾಡಿ ಬಾಯಿಗಿಟ್ಟಳು. ಅಷ್ಟು ಜನ ನಿಂತ ರಸ್ತೆಯಲ್ಲಿ ಅವಳ ಹಲ್ಲಿಗೆ ಕಾಳು ಸಿಕ್ಕು ಮುರಿಯುವ ಸದ್ದು ಕೇಳುತ್ತಿತ್ತು. ಅವಳು ನಿಧಾನಕ್ಕೆ ಅಗಿದು ನುಂಗಿ ಇನ್ನೊಂದು ತುತ್ತಿಗೆ ಕೈ ಹಾಕಿದಳು.

ವಸಂತ್ ನಲ್ಲಿ ನಿಲ್ಲಿಸುವುದನ್ನು ಮರೆತು ಅಲ್ಲೇ ಕುಕ್ಕರಿಸಿ ಕೂತಿದ್ದ. ಪೈಪಿನ ನೀರು ಬೂದಿಯನ್ನು ಹೊತ್ತುಕೊಂಡು, ಇನ್ನೂ ಯಾರೂ ಕೂರದ ಹಾಲೇಶಪ್ಪನ ಎಲೆಯ ಕಡೆಗೆ ಮೆಲ್ಲನೆ ಹರಿದು ಬರುತ್ತಿತ್ತು.